ಜಡ್ಜಮ್ಮನ ಮಡಿಲಕ್ಕಿ

ಕಳೆದ ವಾರ ನಮ್ಮ ಹುಣಸೂರಿನ ವಕೀಲರ ಕೊಠಡಿಯಲ್ಲಿ ಜಗಳ ಶುರುವಾಯಿತು. ಎಲ್ಲಿಯೋ ಒಬ್ಬ ನ್ಯಾಯಾಧೀಶರು ಬೆಳಿಗ್ಗೆ ರಾಜೀನಾಮೆ ಕೊಟ್ಟು ಸಂಜೆಗೆ ಪಕ್ಷದ ಶಾಲು ಹೊದ್ದರಂತೆ, ಚುನಾವಣೆಗೆ ನಿಲ್ಲುತ್ತಾರಂತೆ ಎಂದು ಯಾರೋ ಮೊಬೈಲಿನಲ್ಲಿ ಓದಿದರು. ಅಷ್ಟೇ ಸಾಕಾಯಿತು. ಅರ್ಧ ಜನ ‘ಅವರೂ ಮನುಷ್ಯರಲ್ಲವೇ, ನಿಲ್ಲಲಿ ಬಿಡಿ’ ಎಂದರು. ಉಳಿದರ್ಧ ಜನ ‘ಹಾಗಾದರೆ ಕೋರ್ಟಿನ ಮೇಲೂ ಪಕ್ಷದ ಬಾವುಟ ಕಟ್ಟಿಬಿಡಿ’ ಎಂದರು. ನನ್ನ ಜೂನಿಯರ್ ಹುಡುಗಿ ಮೇಜು ಗುದ್ದಿ ವಾದ ಮಾಡುತ್ತಿದ್ದಳು. ಅವಳನ್ನು ನೋಡಿದರೆ ಹಳೆಯ ನನ್ನನ್ನೇ ನೋಡಿದ ಹಾಗಾಯಿತು. ಕೂತುಕೊಳ್ಳೇ ತಾಯಿ, ಈ ವಾದವನ್ನು ನಾನು ಇದೇ ಊರಿನಲ್ಲಿ, ತುಂಬಿದ ಕೋರ್ಟ್ ಹಾಲಿನಲ್ಲಿ, ಜಡ್ಜ್ ಎದುರಿಗೇ ಮಾಡಿ ಸೋತಿದ್ದೇನೆ ಎಂದೆ. ಯಾರೂ ನಂಬಲಿಲ್ಲ. ನಾನು ಸೋತೆ ಎಂದು ಒಪ್ಪಿಕೊಳ್ಳುವುದು ಆ ಕೊಠಡಿಯಲ್ಲಿ ಅಪರೂಪ.

ನನ್ನನ್ನು ಸೋಲಿಸಿದವರು ಹೋದ ತಿಂಗಳು ನಿವೃತ್ತರಾದರು. ಹೆಸರು ಬರೆದರೆ ಬೈಯುತ್ತಾರೆ, ಅದಕ್ಕೆ ಬರೆಯುವುದಿಲ್ಲ. ಊರಿನವರು ಇಟ್ಟ ಹೆಸರೇ ಸಾಕು: ಜಡ್ಜಮ್ಮ.

ದಾವಣಗೆರೆ ಕಡೆಯವರು. ಕುಳ್ಳಗಿನ ಆಳು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ದನಿ ಎಷ್ಟು ಮೆಲ್ಲಗಿತ್ತೆಂದರೆ, ಅವರು ಬಾಯಿ ತೆರೆದ ಕೂಡಲೇ ಇಡೀ ಕೋರ್ಟ್ ಹಾಲು ತಾನಾಗಿ ಸುಮ್ಮನಾಗುತ್ತಿತ್ತು. ಗಲಾಟೆ ಮಾಡಿದರೆ ತಮ್ಮ ಕೇಸಿಗೆ ಯಾವ ದಿನಾಂಕ ಕೊಟ್ಟರು ಎನ್ನುವುದೇ ಕೇಳಿಸುವುದಿಲ್ಲವಲ್ಲ. ಗಂಟಲು ಹರಿದುಕೊಂಡು ‘ಸೈಲೆನ್ಸ್’ ಎಂದು ಕೂಗುತ್ತಿದ್ದ ಹಿಂದಿನವರನ್ನು ಕಂಡಿದ್ದ ನಮಗೆ ಇದು ಸೋಜಿಗವಾಗಿತ್ತು.

ಅವರ ಚೇಂಬರಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಬಂದ ಮೊದಲ ದಿನವೇ ಅಟೆಂಡರ್ ಕೈಲಿ ಹಗ್ಗ ತರಿಸಿ, ಬಾಗಿಲು ತೆರೆದೇ ಇರುವಂತೆ ಕಿಟಕಿಯ ಸರಳಿಗೆ ಕಟ್ಟಿಸಿದರು. ಅಲ್ಲಿ ಏನು ಮಾತಾಡಿದರೂ ವರಾಂಡದಲ್ಲಿ ಕೂತ ಕಕ್ಷಿದಾರರಿಗೆಲ್ಲ ಕೇಳಬೇಕು. ಹಿರಿಯ ವಕೀಲರೊಬ್ಬರು ಹಗ್ಗದ ಕಡೆ ನೋಡಿ ನಕ್ಕಾಗ, “ಮುಚ್ಚಿದ ಬಾಗಿಲಿನ ಹಿಂದೆ ಆಡಿದ ಮಾತು ಹೊರಗೆ ಬರೋವಾಗ ಬೇರೆ ಬಟ್ಟೆ ಹಾಕಿಕೊಂಡು ಬರುತ್ತೆ ಸರ್. ನನಗೆ ಆ ಬಟ್ಟೆ ಒಗೆಯೋ ಕೆಲಸ ಬೇಡ” ಎಂದರಂತೆ.

ಮನೆಯಿಂದ ಫ್ಲಾಸ್ಕಿನಲ್ಲಿ ನೀರು, ಡಬ್ಬಿಯಲ್ಲಿ ರೊಟ್ಟಿ. ನಮ್ಮ ವಕೀಲರ ಸಂಘದ ಕಾರ್ಯಕ್ರಮಕ್ಕೆ ಬಂದರೆ ಕಾಫಿ ಲೋಟವನ್ನು ಕೈಯಿಂದ ಮುಟ್ಟುತ್ತಿದ್ದರು, ತುಟಿಗೆ ಇಡುತ್ತಿರಲಿಲ್ಲ. ಒಮ್ಮೆ ಅವರೆಕಾಯಿ ಕಾಲದಲ್ಲಿ ಅವರ ಮನೆ ಗೇಟಿನ ಹತ್ತಿರ ಯಾರೋ ಒಂದು ಮೂಟೆ ಅವರೆಕಾಯಿ ಇಟ್ಟು ಹೋಗಿದ್ದರು. ಸೊಗಡು ಬೀದಿಯ ಆ ತುದಿಗೂ ಹೊಡೆಯುತ್ತಿತ್ತಂತೆ. ಮರುದಿನ ಮೊದಲ ಕೇಸು ಕೂಗುವ ಮುಂಚೆ ಜಡ್ಜಮ್ಮ ಹೇಳಿದರು: “ಯಾರದ್ದೋ ಅವರೆಕಾಯಿ ನಮ್ಮ ಗೇಟಿನ ಹತ್ತಿರ ಮರೆತು ಹೋಗಿದೆ. ಮಧ್ಯಾಹ್ನದೊಳಗೆ ಬಂದು ತಗೊಂಡು ಹೋಗಲಿ.” ಇಟ್ಟವರು ಯಾರೆಂದು ನಮಗೆಲ್ಲ ಗೊತ್ತಿತ್ತು. ನಮ್ಮ ಸಂಘದ ಆ ಹಿರಿಯ ವಕೀಲರು ಫ್ಯಾನಿನ ರೆಕ್ಕೆ ಎಣಿಸುವವರ ಹಾಗೆ ಮೇಲೆ ನೋಡುತ್ತಾ ಕೂತಿದ್ದರು. ಯಾರೂ ಬರಲಿಲ್ಲ, ಮೂಟೆ ಮಧ್ಯಾಹ್ನ ಊರಿನ ವಿದ್ಯಾರ್ಥಿ ಹಾಸ್ಟೆಲ್ಲಿಗೆ ಹೋಯಿತು. ಆ ರಾತ್ರಿ ಹಾಸ್ಟೆಲ್ ಹುಡುಗರಿಗೆ ಹಿತಕಿದ ಬೇಳೆ ಸಾರಂತೆ.

ನನ್ನ ಮೇಲೆ ಅವರು ಪ್ರಯೋಗಿಸುತ್ತಿದ್ದ ಅಸ್ತ್ರ ಒಂದೇ. ನಾನು ಗಾವಡಗೆರೆ ಹೋಬಳಿಯ ಹೊಗೆಸೊಪ್ಪು ಬೆಳೆಯುವ ಮನೆಯಿಂದ ಬಂದವಳು. ಬಾಯಿ ಜೋರು. ವಾದ ಮಾಡುತ್ತಾ ಮಾಡುತ್ತಾ ದನಿ ಏರಿ, ಎದುರು ವಕೀಲರ ವಂಶವನ್ನೆಲ್ಲ ಎಳೆದು ತರುವ ಹೊತ್ತಿಗೆ ಜಡ್ಜಮ್ಮ ಕನ್ನಡಕ ತೆಗೆದು ಮೆಲ್ಲಗೆ ಕೇಳುತ್ತಿದ್ದರು: “ಇದು ವಾದವೋ, ಕೋಪವೋ?” ವಾದವಾದರೆ ಬರೆದುಕೊಳ್ಳುತ್ತೇನೆ, ಕೋಪವಾದರೆ ಹೊರಗೆ ಹೋಗಿ ನೀರು ಕುಡಿದು ಬನ್ನಿ ಎಂದು ಅರ್ಥ. ಎಷ್ಟೋ ಸಲ ನೀರು ಕುಡಿದು ಬಂದಿದ್ದೇನೆ.

ಆಗ ನನ್ನ ಕೈಯಲ್ಲಿ ಮಹದೇವಮ್ಮನ ಕೇಸಿತ್ತು. ಗಾವಡಗೆರೆ ಹತ್ತಿರದ ಒಂದು ಹಳ್ಳಿಯವಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಊರ ಹಿಂದಿನ ಗುಡಿಸಲಿನಲ್ಲಿದ್ದುಕೊಂಡು ಅಪ್ಪನ ಜಮೀನಿನಲ್ಲಿ ತನ್ನ ಪಾಲು ಕೇಳಿದ್ದಳು. ಅಣ್ಣ ಶಿವಣ್ಣ ಕೊಡುವುದಿಲ್ಲ ಎಂದ. ಅವನು ಊರಿನಲ್ಲಿ ಒಂದು ಪಕ್ಷದ ಮುಂದಾಳು, ಬಿಳಿ ಷರಟು, ಎರಡು ಮೊಬೈಲು. ಕೇಸು ಎಷ್ಟೋ ವರ್ಷ ಎಳೆದಾಡಿ, ಜಡ್ಜುಗಳು ಬಂದು ಹೋಗಿ, ಕೊನೆಗೆ ಜಡ್ಜಮ್ಮನ ಮುಂದೆ ಪೂರ್ತಿ ವಿಚಾರಣೆಯಾಗಿ ತೀರ್ಪಿಗೆ ಬಂದು ನಿಂತಿತ್ತು. ಮಹದೇವಮ್ಮ ಪ್ರತಿ ಸಲ ಬಂದಾಗಲೂ, “ಈ ಅಮ್ಮ ಓಗೋದ್ರೊಳ್ಗೆ ಆಗ್ಬುಡ್ಲಿ ಕಣ್ರವ್ವ. ಇನ್ನೊಬ್ರು ಬಂದು ಮೊದ್ಲಿಂದ ಏಳಿ ಅಂದ್ರೆ ನನ್ನ ಕೈಲಾಗಾಕಿಲ್ಲ” ಎನ್ನುತ್ತಿದ್ದಳು.

ಅಂಥ ಹೊತ್ತಿನಲ್ಲಿ ಮಡಿಲಕ್ಕಿಯ ಪ್ರಸಂಗ ಬಂತು.

ಹಳ್ಳಿಗಳಲ್ಲಿ ಕಾನೂನು ಅರಿವು ಕಾರ್ಯಕ್ರಮಗಳಿರುತ್ತವಲ್ಲ, ಹಾಗೆ ಆ ಹೋಬಳಿಯ ಸರದಿ ಬಂದು ಜಡ್ಜಮ್ಮ ಹೋದದ್ದು ಇದೇ ಮಹದೇವಮ್ಮನ ಊರಿಗೆ. ನಾನು ಆ ದಿನ ಪಿರಿಯಾಪಟ್ಟಣದ ಕೋರ್ಟಿನಲ್ಲಿದ್ದೆ. ಅಲ್ಲಿ ನಡೆದದ್ದನ್ನು ಮಹದೇವಮ್ಮನೇ ಆಮೇಲೆ ಹೇಳಿದಳು. ಶಾಲೆಯ ಜಗಲಿಯ ಮೇಲೆ ಚಾಪೆ ಹಾಸಿದ್ದರು. ಜಡ್ಜಮ್ಮ ಕುರ್ಚಿ ಬೇಡವೆಂದು ಹೆಂಗಸರ ಜೊತೆ ಚಾಪೆಯ ಮೇಲೆ ಕೂತು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬುದನ್ನು ಸೊಪ್ಪು ಸೋಸುತ್ತಾ ಮಾತಾಡುವ ಹಾಗೆ ಹೇಳಿದರು. ಮುಗಿದು ಇನ್ನೇನು ಏಳಬೇಕು, ಹಿಂದಿನಿಂದ ಒಬ್ಬಳು ತಲೆ ತುಂಬ ಸೆರಗು ಹೊದ್ದು ಮೊರ ಹಿಡಿದು ಬಂದವಳೇ ಅವರ ಮಡಿಲಿಗೆ ಅಕ್ಕಿ ಸುರಿದುಬಿಟ್ಟಳು. ಮೇಲೆ ತೆಂಗಿನಕಾಯಿ, ವೀಳ್ಯದೆಲೆ, ಹಸಿರು ರವಿಕೆ ಕಣ, ಒಂದು ಜೊತೆ ಬಳೆ.

“ಬೇಡಮ್ಮ, ನಾನು ಇದೆಲ್ಲ ತಗೊಳ್ಳೋ ಹಾಗಿಲ್ಲ” ಎಂದು ಜಡ್ಜಮ್ಮ ಏಳಹೋದರು. ಎದ್ದರೆ ಅಕ್ಕಿಯೆಲ್ಲ ನೆಲಕ್ಕೆ.

“ಮಡ್ಲಿಗೆ ಬಿದ್ದ ಅಕ್ಕೀನ ಒದ್ರಬಾರ್ದು ಕಣವ್ವ,” ಎಂದಳು ಒಬ್ಬ ಮುದುಕಿ. “ನಿಮ್ಮವ್ವ ಅವ್ರಾ?”

“ಇಲ್ಲ. ಈ ವರ್ಷ ಹೋದರು.”

“ಅಂಗಾದ್ರೆ ಇನ್ಯಾರು ಕೊಟ್ಟಾರು. ನಾವೇ ಕೊಡ್ಬೇಕು, ತಕ್ಕೊ.”

ಜಡ್ಜಮ್ಮ ಸೆರಗಿನ ಎರಡೂ ತುದಿ ಹಿಡಿದುಕೊಂಡು ಕೂತರಂತೆ. ಕಣ್ಣು ಒದ್ದೆಯಾಗಿತ್ತಂತೆ. ಅಕ್ಕಿ ಸುರಿದವಳು ಯಾರು ಎಂದು ಕೇಳಿದರೆ ಮಾತ್ರ ಮಹದೇವಮ್ಮ, “ಯಾರೋ ಬುಡಿ, ಜನ ಸೇರಿದ್ರು” ಎಂದು ಮಾತು ಹಾರಿಸಿದಳು.

ಆ ಹೊತ್ತಿಗೆ ಯಾರೋ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿದ್ದರು. ಸೆರಗು ಹೊದ್ದವಳ ಬೆನ್ನು, ಅದರಾಚೆ ಮಡಿಲು ಹಿಡಿದ ಜಡ್ಜಮ್ಮನ ಮುಖ. ಚುನಾವಣೆ ಹತ್ತಿರದಲ್ಲಿತ್ತು. ನಮ್ಮ ಕಡೆಯ ವಾಡಿಕೆ ನಿಮಗೆ ಗೊತ್ತಲ್ಲ: ಹೆಣ್ಣುಮಗಳೊಬ್ಬಳು ಚುನಾವಣೆಗೆ ನಿಂತು ಸೆರಗೊಡ್ಡಿ ಊರಿಗೆ ಬಂದರೆ, ಒಪ್ಪಿದ ಊರಿನ ಹೆಂಗಸರು ಮಡಿಲಕ್ಕಿ ಹಾಕಿ ಕಳಿಸುತ್ತಾರೆ. ಮಡಿಲು ತುಂಬಿದರೆ ಓಟು ಬಿದ್ದ ಹಾಗೆಯೇ. ಇನ್ನು ಕೇಳಬೇಕೇ? ‘ಜಡ್ಜಮ್ಮ ಓಟಿಗೆ ನಿಂತವ್ರೆ’ ಎಂಬ ಸುದ್ದಿ ಬಸ್ಸು ಹತ್ತಿ ಹೊರಟಿತು. ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲಿ ಪಕ್ಷ ಯಾವುದೆಂದು ನಿರ್ಧಾರವಾಗಿತ್ತು. ಕೆ.ಆರ್. ನಗರಕ್ಕೆ ಹೋಗುವಾಗ ಅದು ಬೇರೆ ಪಕ್ಷವಾಗಿತ್ತು. ಎಚ್.ಡಿ. ಕೋಟೆ ದಾಟಿ ಸರಗೂರು ಸೇರುವಾಗ ಜಡ್ಜಮ್ಮ ಮಂತ್ರಿಯೇ ಆಗಿಬಿಟ್ಟಿದ್ದರು.

ನಮ್ಮ ಕೊಠಡಿಯಲ್ಲಿ ಅವರು ನಿಲ್ಲಬೇಕು ಎನ್ನುವ ಗುಂಪಿಗೆ ನಾನೇ ಮುಂದಾಳು. ಕಾನೂನು ನನಗೂ ಗೊತ್ತು. ಕುರ್ಚಿಯಲ್ಲಿ ಕೂತುಕೊಂಡೇ ಚುನಾವಣೆಗೆ ನಿಲ್ಲಲು ಆಗುವುದಿಲ್ಲ, ರಾಜೀನಾಮೆ ಕೊಟ್ಟರೆ ಆಯಿತಪ್ಪ, ಅದೇನು ದೊಡ್ಡ ವಿಷಯ ಎಂದೆ. ಇಂಥವರು ಒಬ್ಬರು ವಿಧಾನಸೌಧದಲ್ಲಿ ಕೂತರೆ ಅಲ್ಲಿಯ ಬಾಗಿಲಿಗೂ ಹಗ್ಗ ಕಟ್ಟಿಸುತ್ತಾರೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸುದ್ದಿ ನಿಜವಲ್ಲದಿದ್ದರೆ ನಿಜ ಮಾಡಿಕೊಳ್ಳೋಣ ಎಂದು ಒಂದು ಪಕ್ಷದ ಹಿರಿಯರು ಕಾರು ಹತ್ತಿ ಅವರ ಮನೆಗೇ ಹೋದರು. ಗೇಟು ತೆರೆಯಲಿಲ್ಲ. ಒಳಗಿನಿಂದ ಜಡ್ಜಮ್ಮ, “ನನ್ನ ಹತ್ತಿರ ಹೇಳೋದು ಏನಿದ್ದರೂ ನಾಳೆ ಹನ್ನೊಂದು ಗಂಟೆಗೆ ಕೋರ್ಟ್ ಹಾಲಿನಲ್ಲಿ ಹೇಳಿ” ಎಂದರಂತೆ. ಆ ಪುಣ್ಯಾತ್ಮರು ನಿಜವಾಗಿಯೂ ಬಂದರು. ಹೂವಿನ ಹಾರವನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು, ಬಿಳಿ ಬಟ್ಟೆಯವರು ಸಾಲಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹಾಲು ತುಂಬಿ ಹೋಗಿತ್ತು.

ಜಡ್ಜಮ್ಮ ಬಂದು ಕೂತು, ಕನ್ನಡಕ ಹಾಕಿಕೊಂಡು ನೇರ ಅವರ ಕಡೆ ನೋಡಿದರು. “ಬನ್ನಿ ಮುಂದೆ. ಏನೋ ಹೇಳಬೇಕು ಅಂದಿದ್ದಿರಿ.”

ಅವರಲ್ಲೊಬ್ಬ ಹಿರಿಯರು ಎದ್ದು ನಿಂತರು. ಹಿಂದೆ ತಿರುಗಿ ನೋಡಿದರು. ಸ್ಟೆನೊ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು.

“ಏನಿಲ್ಲ ತಾಯಿ,” ಎಂದರು. “ಸುಮ್ನೆ ನಮಸ್ಕಾರ ಮಾಡ್ಕೊಂಡ್ ಓಗವಾ ಅಂತ ಬಂದೊ.”

“ನಮಸ್ಕಾರ,” ಎಂದು ಜಡ್ಜಮ್ಮ ಕೈ ಮುಗಿದು, “ಮೊದಲನೇ ಕೇಸು ಕೂಗಿ” ಎಂದರು.

ಹಾಲಿನಲ್ಲಿದ್ದ ಜನ ಬಿದ್ದು ಬಿದ್ದು ನಕ್ಕರು. ಹಾರ ಏನಾಯಿತೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನ ದೇವರ ಪಟಕ್ಕೆ ಬಿತ್ತು ಎಂದು ಕೆಲವರು ಹೇಳುತ್ತಾರೆ.

ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ವಾರ ಕಳೆಯುವುದರಲ್ಲಿ ಶಿವಣ್ಣನ ವಕೀಲರು ಒಂದು ಮೆಮೊ ಹಾಕಿದರು. ಜಡ್ಜಮ್ಮ ಶಿವಣ್ಣನ ಎದುರು ಪಕ್ಷದಿಂದ ಚುನಾವಣೆಗೆ ನಿಲ್ಲುವವರು, ಮಹದೇವಮ್ಮನ ಕಡೆಯ ಹೆಂಗಸರೇ ಅವರಿಗೆ ಮಡಿಲು ತುಂಬಿದ್ದಾರೆ, ಇದೋ ಫೋಟೊ, ಆದ್ದರಿಂದ ಅವರು ಈ ಕೇಸಿನ ತೀರ್ಪು ಕೊಡಬಾರದು, ಬೇರೆಯವರಿಗೆ ಹೋಗಲಿ. ಓದಿ ನನ್ನ ಮೈ ಉರಿದುಹೋಯಿತು. ಮಹದೇವಮ್ಮನಿಗೆ ಹೇಳಿದಾಗ ಅವಳು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಬೇರೆಯವ್ರಿಗೆ ಓದ್ರೆ ಮತ್ತೆ ಮೊದ್ಲಿಂದ್ಲಾ?”

“ವಾದ ಮತ್ತೆ ಕೇಳ್ತಾರೆ. ಎಷ್ಟು ದಿನವೋ ಹೇಳೋಕಾಗಲ್ಲ.”

“ನನಗೆ ಅಷ್ಟು ಆಯಸ್ಸು ಇಲ್ಲ ಬುಡಿ.”

“ಅಕ್ಕಿ ಕೊಟ್ಟವಳು ಯಾರು ಅಂತ ಹೇಳು ಮಹದೇವಮ್ಮ. ನಿನ್ನ ಕಡೆಯವಳಲ್ಲ ಅಂತ ತೋರಿಸಿದರೆ ಈ ಮೆಮೊ ಇಲ್ಲಿಗೇ ಬಿದ್ದುಹೋಗುತ್ತೆ.”

“ಕೇಸೋದ್ರೆ ಓಗ್ಲಿ. ಎಸ್ರು ಮಾತ್ರ ಏಳಾಕಿಲ್ಲ” ಎಂದಳು. ಇದೆಂಥ ಹಟಮಾರಿ ಹೆಂಗಸು ಎಂದು ಅವಳಿಗೂ ಬೈದೆ.

ಮೆಮೊದ ವಿಚಾರಣೆಯ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಡ್ಜಮ್ಮ ಬರುವಾಗ ಕೈಯಲ್ಲೊಂದು ಬಟ್ಟೆ ಚೀಲ. ಕೂತವರೇ ಅದರಿಂದ ಹಸಿರು ರವಿಕೆ ಕಣ, ಬಳೆ ತೆಗೆದು ಮೇಜಿನ ಮೇಲೆ ಇಟ್ಟರು.

“ಫೋಟೊ ನಿಜ,” ಎಂದರು. “ಮಡಿಲಿಗೆ ಬಿದ್ದದ್ದನ್ನು ನಾನು ಒದರಲಿಲ್ಲ. ಅಕ್ಕಿ, ಕಾಯಿ ಮರುದಿನ ಹಾಸ್ಟೆಲ್ಲಿಗೆ ಹೋಯಿತು. ಇವು ಇಲ್ಲಿವೆ. ಅದು ಈ ಕಕ್ಷಿದಾರರ ಊರು ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಮೊದಲೇ ನೋಡಿಕೊಳ್ಳಬೇಕಿತ್ತು, ಅದು ನನ್ನ ತಪ್ಪು. ಚುನಾವಣೆಗೆ ನಾನು ನಿಲ್ಲುವುದಿಲ್ಲ. ಈಗ ನೀವು ಹೇಳಿ.”

ಶಿವಣ್ಣನ ವಕೀಲರು ಹೇಳುವುದನ್ನೆಲ್ಲ ಹೇಳಿದರು. ನಿಲ್ಲುವುದಿಲ್ಲ ಎಂದು ಇವತ್ತು ಹೇಳಿದವರು ನಾಳೆ ನಿಂತದ್ದನ್ನು ನಾವು ಕಂಡಿಲ್ಲವೇ ಎಂದರು. ನನ್ನ ಸರದಿ ಬಂತು. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಸುದ್ದಿ ಸುಳ್ಳು, ಮೆಮೊ ತಳ್ಳಿಹಾಕಿ. ಅಷ್ಟು ಹೇಳಿ ಕೂತಿದ್ದರೆ ಬುದ್ಧಿವಂತೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ವಾರಗಟ್ಟಲೆ ಕೊಠಡಿಯಲ್ಲಿ ಕೂಗಾಡಿದ ವಾದ ನಾಲಿಗೆಯ ತುದಿಯಲ್ಲೇ ಕೂತಿತ್ತಲ್ಲ.

“ಸುದ್ದಿ ಸುಳ್ಳು ಮೇಡಂ. ಆದರೆ ನಿಜವೇ ಅಂತ ಇಟ್ಟುಕೊಳ್ಳಿ, ನಿಂತರೆ ತಪ್ಪೇನು? ಡಾಕ್ಟರು ನಿಲ್ಲಬಹುದು, ಮೇಷ್ಟ್ರು ನಿಲ್ಲಬಹುದು, ರೌಡಿ ನಿಲ್ಲಬಹುದು. ರಾಜೀನಾಮೆ ಕೊಟ್ಟ ಜಡ್ಜ್ ಯಾಕೆ ನಿಲ್ಲಬಾರದು? ಒಳ್ಳೆಯವರೆಲ್ಲ ಮಡಿ ಮಡಿ ಅಂತ ದೂರ ನಿಂತರೆ ಗೆಲ್ಲೋರು ಯಾರು? ಇಂಥ ಮೆಮೊ ಹಾಕಿಸೋರೇ ತಾನೇ?”

ಪಕ್ಕದಲ್ಲಿದ್ದ ಮಿತ್ರರು ನನ್ನ ಕರಿ ಕೋಟು ಹಿಡಿದು ಎಳೆಯುತ್ತಿದ್ದರು. ನನ್ನ ಕಕ್ಷಿದಾರಳ ಕೇಸನ್ನು ನಾನೇ ಗುಂಡಿಗೆ ತಳ್ಳುತ್ತಿದ್ದೇನೆ ಎಂದು ಎಲ್ಲರಿಗೂ ಗೊತ್ತಾಗಿತ್ತು, ನನಗೊಬ್ಬಳಿಗೆ ಬಿಟ್ಟು.

ಜಡ್ಜಮ್ಮ ಕನ್ನಡಕ ತೆಗೆದರು. “ಇದು ವಾದವೋ, ಕೋಪವೋ?”

“ಎರಡೂ ಮೇಡಂ.”

ಹಾಲಿಗೆ ಹಾಲೇ ನಕ್ಕಿತು. ಅವರು ನಗಲಿಲ್ಲ. “ಹಾಗಾದರೆ ಇವತ್ತು ನೀರು ಕುಡಿಯೋಕೆ ಕಳಿಸಲ್ಲ, ಉತ್ತರ ಕೊಡುತ್ತೇನೆ. ನಾನು ನಾಳೆ ನಿಲ್ಲುತ್ತೇನೆ ಅಂತಿಟ್ಟುಕೊಳ್ಳಿ. ಇವತ್ತು ನಿಮ್ಮ ಮಹದೇವಮ್ಮನಿಗೆ ನಾನು ಪಾಲು ಕೊಟ್ಟರೆ ಜನ ಏನಂತಾರೆ? ಹೆಂಗಸರ ಓಟಿಗೆ ಕೊಟ್ಟಳು ಅಂತಾರೆ. ಕೊಡದೇ ಹೋದರೆ? ಶಿವಣ್ಣನ ಕಡೆಯವರ ಓಟಿಗೆ ಅಂತಾರೆ. ಇವರಿಬ್ಬರೇ ಅಲ್ಲ. ಇಷ್ಟು ವರ್ಷ ನನ್ನ ಮುಂದೆ ಸೋತವರೆಲ್ಲ, ಓಹೋ, ಅವಳು ಅವತ್ತೇ ಲೆಕ್ಕ ಹಾಕಿದ್ದಳು ಅಂತಾರೆ. ನಾನು ಬರೆದ ತೀರ್ಪೆಲ್ಲ ಓಟು ಕೇಳೋ ಕರಪತ್ರ ಆಗಿಬಿಡುತ್ತೆ. ರಾಜೀನಾಮೆ ಕೊಟ್ಟರೆ ಕುರ್ಚಿ ಬಿಡುತ್ತೆ, ಬರೆದದ್ದು ಬಿಡುತ್ತಾ?”

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

“ನಿಲ್ಲೋಕೆ ಕಾನೂನು ಬಿಡುತ್ತೆ, ನಿಜ. ನಾನು ನನ್ನ ವಿಷಯ ಹೇಳ್ತಿದ್ದೀನಿ. ಗೆದ್ದವನು ಹೇಗೂ ಸಂತೋಷವಾಗಿ ಹೋಗ್ತಾನೆ. ಸೋತವನೂ ಮನೆಗೆ ಹೋಗಿ ಊಟ ಮಾಡಿ ಮಲಗಬೇಕಲ್ಲ. ಆ ಜಡ್ಜಿಗೆ ನನ್ನಿಂದಾಗಲಿ ಅವನಿಂದಾಗಲಿ ಏನೂ ಬೇಕಾಗಿರಲಿಲ್ಲ ಅನ್ನೋ ಸಮಾಧಾನ ಅವನಿಗೆ ಬೇಕು. ಓಟು ಕೇಳೋಕೆ ಹೊರಟವಳಿಗೆ ಪ್ರತಿಯೊಬ್ಬರಿಂದಲೂ ಏನೋ ಬೇಕು. ಕೂತುಕೊಳ್ಳಿ.”

ಕೂತೆ. ಜಡ್ಜಮ್ಮ ಶಿವಣ್ಣನ ವಕೀಲರ ಕಡೆ ತಿರುಗಿ, “ನಿಮ್ಮ ಮೆಮೊದಲ್ಲಿ ‘ವಾದಿಯ ಕಡೆಯ ಹೆಂಗಸರು’ ಅಂತಿದೆ. ಅಕ್ಕಿ ಕೊಟ್ಟವರು ಯಾರು?” ಎಂದು ಕೇಳಿದರು. ವಕೀಲರು ಶಿವಣ್ಣನನ್ನು ನೋಡಿದರು. “ಯಾವಳೋ ಇವಳ ಗುಂಪಿನೋಳು ಸ್ವಾಮಿ, ಮಕ ಕಾಣಾಕಿಲ್ಲ” ಎಂದ ಅವನು.

ಆಗ ಬಾಗಿಲ ಬಳಿಯಿಂದ ಒಂದು ದನಿ ಬಂತು. “ನಾನೇ ಕಣವ್ವ.”

ಜನ ದಾರಿ ಬಿಟ್ಟರು. ತಲೆ ತುಂಬ ಸೆರಗು ಹೊದ್ದ ಹೆಂಗಸು ಮುಂದೆ ಬಂದಳು. ಪಕ್ಕದಲ್ಲಿ ಕೂತಿದ್ದ ಮಹದೇವಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು, “ಅಯ್ಯೋ, ಯಾಕ್ ಬಂದ್ರಿ ಅತ್ಗೆ” ಎಂದಳು.

“ನಿಮ್ಮ ಹೆಸರು?” ಎಂದರು ಜಡ್ಜಮ್ಮ.

“ರಾಜಮ್ಮ. ಅವ್ರ ಎಂಡ್ತಿ” ಎಂದು ಶಿವಣ್ಣನ ಕಡೆ ಕೈ ತೋರಿಸಿದಳು.

ಶಿವಣ್ಣ ಎದ್ದು ನಿಂತು ಮತ್ತೆ ಕೂತ. ರಾಜಮ್ಮ ಅವನನ್ನು ನೋಡಲೂ ಇಲ್ಲ. “ಅವತ್ತು ಅವ್ರು ಒಗೆಸೊಪ್ಪಿನ ಅರಾಜಿಗೆ ಓಗಿದ್ರು. ನಾನು ಸರಗೂರಿನೋಳು. ನನ್ನ ತವ್ರಲ್ಲಿ ನನಗೂ ಏನೂ ಕೊಡ್ಲಿಲ್ಲ. ಕೇಳ್ಬೋದು ಅಂತ್ಲೇ ಗೊತ್ತಿರ್ಲಿಲ್ಲ. ಈ ಅವ್ವ ಅವತ್ತು ಏಳಿದ್ಮೇಲೆ ಗೊತ್ತಾಯ್ತು. ಅದ್ಕೇ ಮನೆಗೋಗಿ ಅಕ್ಕಿ ತಂದೆ. ಓಟು ಗೀಟು ನನಗೆ ಗೊತ್ತಿಲ್ಲ. ನಮ್ಮ ಮಹದೇವಿಗೆ ನನ್ನ ಎಸ್ರು ಗೊತ್ತಿತ್ತು. ನನ್ನ ಸಂಸಾರ ಕೆಡ್ತದೆ ಅಂತ ಬಾಯ್ ಬುಡ್ಲಿಲ್ಲ. ಅವ್ಳು ನನಗೋಸ್ಕರ ಕೇಸು ಕಳ್ಕೊಂಡ್ರೆ ನಾನು ಉಣ್ಣೋ ಅನ್ನ ಮೈಗತ್ತದಾ?”

ಯಾರೋ ಹಿಂದಿನಿಂದ, “ಶಿವಣ್ಣ, ಎಂಡ್ರ ಬೆನ್ನೇ ಗೊತ್ತಾಗ್ನಿಲ್ವಲ್ಲಪ್ಪೊ” ಎಂದರು. ಇನ್ನು ಹಾಲಿನಲ್ಲಿದ್ದವರ ನಗುವನ್ನು ಹಿಡಿಯುವವರು ಯಾರು? ಸ್ಟೆನೊ ಕೂಡ ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಾನಂತೂ ಅಳುತ್ತಿದ್ದೆ, ಯಾಕೆಂದು ಈಗ ಬಿಡಿಸಿ ಹೇಳಲು ಬರುವುದಿಲ್ಲ.

ಶಿವಣ್ಣನ ವಕೀಲರು, “ಮೆಮೊ ವಾಪಸ್ ತಗೋತೀವಿ ಮೇಡಂ” ಎಂದರು.

“ವಾಪಸ್ ಬೇಡ. ಕಡತದಲ್ಲೇ ಇರಲಿ, ಆದೇಶ ಬರೆಯುತ್ತೇನೆ. ಒಪ್ಪಿಗೆಯಾಗದಿದ್ದರೆ ಮೈಸೂರಿನ ಜಿಲ್ಲಾ ಕೋರ್ಟಿಗೆ ಹೋಗಿ ಕೇಳಿ” ಎಂದು, ಮೆಮೊ ತಳ್ಳಿಹಾಕಿದ ಆದೇಶವನ್ನು ಅಲ್ಲೇ ಹೇಳಿ ಬರೆಸಿದರು. ಆಮೇಲೆ ರವಿಕೆ ಕಣ, ಬಳೆಗಳನ್ನು ರಾಜಮ್ಮನ ಕಡೆ ಸರಿಸಿ, “ಇದನ್ನು ತಗೊಂಡು ಹೋಗಿ ತಾಯಿ. ಈ ಕುರ್ಚಿಯಲ್ಲಿ ಕೂತಿರೋವರೆಗೂ ನಾನು ಇಟ್ಟುಕೊಳ್ಳೋ ಹಾಗಿಲ್ಲ” ಎಂದರು.

“ಮಡ್ಲಿಗೆ ಆಕಿದ್ದ ವಾಪಸ್ ಇಸ್ಕಳಾಕಿಲ್ಲ ಕಣವ್ವ.” ರಾಜಮ್ಮ ಕಣ, ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. “ಮಡಗಿರ್ತೀನಿ. ನೀವು ಈ ಊರ್ ಬುಟ್ಟು ಓಗೋ ದಿನ ಕೊಡ್ತೀನಿ. ಆಗ ಬ್ಯಾಡ ಅನ್ಬಾರ್ದು.”

“ಅವತ್ತು ನೋಡೋಣ.”

ಶಿವಣ್ಣ ಮೈಸೂರಿಗೆ ಹೋಗಲಿಲ್ಲ. ತೀರ್ಪು ಬಂತು: ಜಮೀನಿನಲ್ಲಿ ಮಹದೇವಮ್ಮನಿಗೆ ಅಣ್ಣನ ಸರಿಸಮ ಪಾಲು. ಆದರೆ ಊರೊಳಗಿನ ಮನೆ ಶಿವಣ್ಣ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು, ಅದರಲ್ಲಿ ಪಾಲಿಲ್ಲ ಎಂದು ಜಡ್ಜಮ್ಮ ಬರೆದಿದ್ದರು. ಮನೆಯ ಮೇಲೂ ಹಕ್ಕಿದೆ ಎಂದು ಗಂಟೆಗಟ್ಟಲೆ ವಾದಿಸಿದ್ದ ನಾನು ಮೂತಿ ಉಬ್ಬಿಸಿಕೊಂಡೆ. ಮಹದೇವಮ್ಮ ಮಾತ್ರ, “ಅದು ನಮ್ಮತ್ಗೆ ಬಾಳೋ ಮನೆ. ಅದ್ನ ನಾನ್ಯಾಕೆ ಕೇಳ್ಳಿ” ಎಂದು ಕೋರ್ಟಿನ ಅಂಗಳದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಶಿವಣ್ಣ ಹರಾಜುಕಟ್ಟೆಯಲ್ಲಿ, ಕೊಪ್ಪದ ಸಂತೆಯಲ್ಲಿ, ಹೋದಲ್ಲೆಲ್ಲ ‘ಬೆನ್ನಿನ ಶಿವಣ್ಣ’ ಎಂದು ಕರೆಸಿಕೊಂಡ. ಮೊದಮೊದಲು ಹಲ್ಲು ಕಡಿಯುತ್ತಿದ್ದವನು ಆಮೇಲೆ ತಾನೂ ನಗಲು ಕಲಿತ. ಮನೆ ಉಳಿಯಿತು, ಹೆಂಡತಿಯೂ ಉಳಿದಳು. ಅವನಿಗೂ ಸೋತ ಹಾಗೆ ಅನ್ನಿಸಿರಲಿಕ್ಕಿಲ್ಲ.

ಮರುವರ್ಷ ಜಡ್ಜಮ್ಮನಿಗೆ ವರ್ಗವಾಯಿತು. ಚಾರ್ಜ್ ಒಪ್ಪಿಸಿ ಹೊರಗೆ ಬಂದಾಗ ಕೋರ್ಟಿನ ಅಂಗಳದಲ್ಲಿ ಒಂದು ಟೆಂಪೊ ನಿಂತಿತ್ತು. ಹೆಂಗಸರು ತುಂಬಿಕೊಂಡಿದ್ದರು. ಓಡಿಸಿಕೊಂಡು ಬಂದವನು ಶಿವಣ್ಣ.

ರಾಜಮ್ಮ ಮೊರ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಳು. “ಚಾರ್ಜು ಕೊಟ್ಟಾಯ್ತಾ ಅವ್ವ?”

“ಆಯಿತು.”

“ಈಗ ನೀವು ನಮ್ಗೆ ಜಡ್ಜಲ್ಲ?”

“ಅಲ್ಲ.”

ಜಡ್ಜಮ್ಮ ಮೆಟ್ಟಿಲು ಇಳಿದು ಬಂದರು. ಯಾರೂ ಹೇಳದೆಯೇ ಸೆರಗನ್ನು ಎರಡು ಕೈಯಿಂದ ಅಗಲವಾಗಿ ಹಿಡಿದು ನಿಂತರು. ಮೊರದ ಒಂದು ತುದಿ ರಾಜಮ್ಮನ ಕೈಯಲ್ಲಿ, ಇನ್ನೊಂದು ಮಹದೇವಮ್ಮನ ಕೈಯಲ್ಲಿ. ಅಕ್ಕಿ, ಕಾಯಿ, ಎಲೆ, ಮೇಲೆ ಅದೇ ಹಸಿರು ಕಣ, ಅದೇ ಬಳೆ. ಯಾವ ಪಕ್ಷದ ಬಾವುಟವೂ ಇಲ್ಲದೆ ಅಂಥ ಸಂಭ್ರಮ ಆ ಅಂಗಳ ಕಂಡಿರಲಿಲ್ಲ. ಶಿವಣ್ಣ ಎರಡು ಮೊಬೈಲಿನಲ್ಲಿ ಒಂದನ್ನು ಎತ್ತಿ ಹಿಡಿದು ಹೆಂಡತಿಗೆ ಹೇಳುತ್ತಿದ್ದ: “ಒಸಿ ಈ ಕಡೆ ತಿರುಗು ಕಣಮ್ಮಿ, ಈ ಸಲ ಮಕ ಬರ್ಲಿ.”

ಮರುದಿನ ಮಧ್ಯಾಹ್ನ ಹೊಸ ಊರಿನಿಂದ ಫೋನು ಬಂತು. “ವಕೀಲರೇ, ನಿಮ್ಮ ಹುಣಸೂರಿನ ಅನ್ನ ಉಂಡೆ. ಹೊಸ ಅಕ್ಕಿ, ಸ್ವಲ್ಪ ಮುದ್ದೆಯಾಯಿತು. ಆದರೂ ಎರಡು ಸಲ ಬಡಿಸಿಕೊಂಡೆ” ಎಂದರು. ಊರಿನಲ್ಲಿದ್ದಷ್ಟು ದಿನ ಒಂದು ಲೋಟ ಕಾಫಿಯನ್ನೂ ಕುಡಿಯದವರು.

ಇಷ್ಟನ್ನೂ ಕೊಠಡಿಯಲ್ಲಿ ಹೇಳಿ ಮುಗಿಸಿದಾಗ ನನ್ನ ಜೂನಿಯರ್ ಹುಡುಗಿ, “ಸರಿ, ಈಗಂತೂ ನಿವೃತ್ತರಾದರಲ್ಲ. ಈಗ ನಿಲ್ಲೋಕೇನು?” ಎಂದಳು. ನನಗೂ ಒಳಗೊಳಗೇ ಆ ಆಸೆ ಸತ್ತಿರಲಿಲ್ಲ. ಅಲ್ಲೇ, ಎಲ್ಲರೆದುರಿಗೆ, ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮೊದಲೇ ಹೇಳಿಬಿಟ್ಟೆ. ಅವರ ಹತ್ತಿರ ಕಲಿತದ್ದು.

“ಮೇಡಂ, ಈಗ ಕುರ್ಚಿ ಇಲ್ಲ, ಕೇಸಿಲ್ಲ. ಈಗಲಾದರೂ ಚುನಾವಣೆಗೆ ನಿಲ್ತೀರಾ?”

“ಇದು ವಾದವೋ, ಕೋಪವೋ?”

“ಆಸೆ ಮೇಡಂ.”

ಅವರು ನಕ್ಕರು. “ಮಹದೇವಮ್ಮನ ಜಮೀನು ಈಗ ಯಾರ ಹೆಸರಲ್ಲಿದೆ?”

“ಅವಳ ಹೆಸರಲ್ಲೇ. ಗುಡಿಸಲು ಬಿಟ್ಟು ಜಮೀನಿನಲ್ಲೇ ಮನೆ ಕಟ್ಟಿದ್ದಾಳೆ. ರಾಗಿ, ನಡುವೆ ಅವರೆ. ಈ ವರ್ಷ ಚೆನ್ನಾಗಿ ಬಂದಿದೆ.”

“ಶಿವಣ್ಣ ಅವಳ ಹತ್ತಿರ ಮಾತಾಡ್ತಾನಾ?”

“ಅವಳ ಬೆಳೆ ಮಾರೋಕೆ ಕೊಂಡೊಯ್ಯೋದೇ ಅವನು, ಅವನ ಟೆಂಪೊದಲ್ಲಿ.”

“ಹಾಗಾದರೆ ನಾನು ಯಾವತ್ತೋ ಗೆದ್ದಾಗಿದೆಯಲ್ಲ ರೀ. ಇನ್ನು ಎಲ್ಲಿ ನಿಲ್ಲಿ ಅಂತೀರಿ?”

ಜಗಳವಾಡುತ್ತಿದ್ದ ಎರಡೂ ಗುಂಪಿನವರು ನನ್ನ ಫೋನಿನ ಕಡೆಯೇ ನೋಡುತ್ತಿದ್ದರು. ಮಹದೇವಮ್ಮ ನಿಮಗೊಂದು ಮೂಟೆ ಅವರೆಕಾಯಿ ಕಳಿಸಬೇಕು ಅಂತಿದ್ದಾಳೆ, ಏನು ಹೇಳಲಿ ಎಂದೆ.

“ಕಳಿಸಲಿ,” ಎಂದರು ಜಡ್ಜಮ್ಮ. “ಗೇಟಿನ ಹತ್ತಿರ ಇಡೋದು ಬೇಡ ಅಂತ ಹೇಳಿ. ಒಳಗೇ ತರಲಿ.”